ಮುಚ್ಚಲು ಕಾರಣ

“ಮುಖ ಮುಚ್ಚಿಕೊಂಡಿರೋದು ಧೂಳಿಗೋ, ಧರ್ಮಕ್ಕೋ?”

ಸಿಮೆಂಟ್ ಗೋದಾಮಿನ ರಸ್ತೆ ಗುಡಿಸುತ್ತಿದ್ದ ನಾಲ್ವರು ಹೆಂಗಸರ ಮುಂದೆ ಬೈಕು ನಿಲ್ಲಿಸಿ ಆರೋಗ್ಯ ನಿರೀಕ್ಷಕ ಹೀಗೆ ಕೇಳಿದಾಗ ಬೆಳಗಿನ ಎಂಟು ಗಂಟೆ. ಅವನ ಕೈಯಲ್ಲಿ ಹೊಸ ಕಾನೂನಿನ ಆದೇಶ, ಅದಕ್ಕೆ ಪಿನ್ನು ಹೊಡೆದ ಒಂದು ನಮೂನೆ. ಸಾರ್ವಜನಿಕ ಸ್ಥಳದಲ್ಲಿ ಧರ್ಮದ ಕಾರಣಕ್ಕೆ ಮುಖ ಮುಚ್ಚುವಂತಿಲ್ಲ. ಕೆಲಸದ ಕಾರಣಕ್ಕಾದರೆ ಅಡ್ಡಿಯಿಲ್ಲ. ನಾಲ್ವರ ಮುಖದ ಮೇಲೂ ಇದ್ದದ್ದು ನಗರಸಭೆಯೇ ಹಂಚಿದ ಬೂದು ಬಟ್ಟೆ, ಮೂಲೆಯಲ್ಲಿ ನಗರಸಭೆಯದೇ ಮೊಹರು. ಬಟ್ಟೆ ನೋಡಿ ದೇವರನ್ನು ಪತ್ತೆ ಹಚ್ಚುವ ತರಬೇತಿಯನ್ನು ಪಾಪ ಅವನಿಗೆ ಯಾರೂ ಕೊಟ್ಟಿರಲಿಲ್ಲ.

“ಧೂಳು,” ಎಂದಳು ತಂಡದ ಹಿರಿಯಳಾದ ಮೇಸ್ತ್ರಿಯಕ್ಕ, ಪೊರಕೆ ಕೆಳಗಿಡದೆ. “ಧೂಳು, ಧೂಳು,” ಎಂದರು ಇನ್ನಿಬ್ಬರು. ನಾಲ್ಕನೆಯವಳು ಗುಡಿಸುತ್ತಲೇ ಇದ್ದಳು. ಗುಡಿಸುವ ವೇಗಕ್ಕೆ ಚುರುಕಿ ಎಂದೇ ಹೆಸರು ಬಿದ್ದಿದ್ದ ಅವಳು ಮನೆಯಿಂದ ಹೊರಡುವಾಗ ಕಟ್ಟಿದ ಬಟ್ಟೆಯನ್ನು ಮನೆ ಸೇರಿದ ಮೇಲೇ ಬಿಚ್ಚುವವಳು. ಟೀಯನ್ನೂ ಬಟ್ಟೆಯ ಅಡಿಯಿಂದಲೇ ಹೀರುತ್ತಾಳೆಂದು ಎದುರು ಮಹಡಿಯ ಕಿಟಕಿಯವರು ಯಾರೋ ದೂರು ಬರೆದಿದ್ದರು.

“ನಿಂದೇನಮ್ಮ?”

“ಎರಡೂ, ಸರ್.”

“ಎರಡೂ ಅನ್ನೋ ಕಾಲಂ ಇಲ್ಲ.”

“ಗೆರೆ ಎಳೆದು ಹೊಸದೊಂದು ಮಾಡ್ಕೊಳ್ಳಿ ಸರ್.”

ನಿರೀಕ್ಷಕ ಕೆಟ್ಟವನೇನಲ್ಲ, ಬೇಗ ಮುಗಿಸಿ ಹೋಗಬೇಕೆಂದು ಬಂದವನು. ದನಿ ತಗ್ಗಿಸಿದ. “ನೋಡು ತಾಯಿ, ಧೂಳು ಅಂದ್ಬಿಡು, ಬರ್ಕೊಂಡು ಹೋಗ್ತೀನಿ. ಧರ್ಮ ಅಂದ್ರೆ ಇವತ್ತೇ ಹಾಜರಿ ಪುಸ್ತಕದಿಂದ ನಿನ್ನ ಹೆಸರು ಹೊಡೆದುಹಾಕಬೇಕು.” ಆರು ವರ್ಷ ದಿನಗೂಲಿ ಮಾಡಿದ ಚುರುಕಿಯ ಕೆಲಸ ಮುಂದಿನ ತಿಂಗಳು ಕಾಯಂ ಆಗುವುದಿತ್ತು.

“ಸುಳ್ಳು ಹೇಳಿ ಮುಚ್ಕೊಂಡ್ರೆ ಆಮೇಲೆ ಇದು ಬರೀ ಬಟ್ಟೆ ಸರ್,” ಎಂದಳು ಅವಳು.

ಮೇಸ್ತ್ರಿಯಕ್ಕನಿಗೆ ರೇಗಿಹೋಯಿತು. “ಹೇಳೇ ಧೂಳು ಅಂತ, ದೊಡ್ಡ ಸತ್ಯವಂತೆ! ಆರು ವರ್ಷದಿಂದ ಬಡ್ಕೊಳ್ತಿದ್ದೀನಿ, ಬಿಚ್ಚಾಕೇ ಅದನ್ನ, ಮುಖಕ್ಕೆ ಸ್ವಲ್ಪ ಗಾಳಿ ಆಡ್ಲಿ ಅಂತ. ನಿನ್ನ ಮೂತಿ ಮಾಡಿದವನಿಗೇ ಅದನ್ನ ನೋಡೋಕೆ ಆಗಲ್ವೇನೇ?”

“ಅವನು ನೋಡ್ತಾನೆ ಅಕ್ಕ. ನೀನು ನೋಡಿ ಏನ್ಮಾಡ್ತೀಯಾ?”

“ಯಾರು, ನಿಮ್ಮ ಮಾವನಾ ಹೇಳಿದ್ದು ಕಟ್ಟು ಅಂತ?”

“ಮಾವ ಕೆಲಸಕ್ಕೇ ಹೋಗ್ಬೇಡ ಅಂದಿದ್ದು. ಅವನ ಮಾತು ಕೇಳಿದ್ರೆ ನಾನಿಲ್ಲಿ ಇರ್ತಿದ್ನಾ? ಈಗ ಸರ್ಕಾರ ಕಾಗದ ಕಳಿಸಿದೆ. ಇಬ್ರಿಗೂ ನಾನು ಮನೇಲೇ ಕೂತಿರ್ಬೇಕು.”

ಮೇಸ್ತ್ರಿಯಕ್ಕ ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಕಡ್ಡಿ ಸರಿಮಾಡಿಕೊಂಡಳು. ಅಷ್ಟರಲ್ಲಿ ನಿರೀಕ್ಷಕನಿಗೆ ಉಪಾಯವೊಂದು ಹೊಳೆದಿತ್ತು. “ಒಂದು ಕೆಲಸ ಮಾಡೋಣ. ಗುಡಿಸೋವರೆಗೂ ಧೂಳು ಅಂತ ನಾನೂ ಒಪ್ಕೋತೀನಿ. ಗುಡಿಸಿ ಮುಗಿದು, ಧೂಳು ಇಳಿದ ಮೇಲೂ ಬಟ್ಟೆ ಹಾಗೇ ಇದ್ರೆ ಅದು ಧರ್ಮ. ನಾನಿಲ್ಲೇ ನಿಂತಿರ್ತೀನಿ.” ತನ್ನ ತಲೆಯಲ್ಲಿ ಇಷ್ಟೊಂದು ಇದೆಯೆಂದು ಅವನಿಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೈಕಿಗೆ ಒರಗಿ, ಪೆನ್ನಿನ ಮುಚ್ಚಳ ತೆಗೆದ.

ಇಪ್ಪತ್ತು ಮಾರು ರಸ್ತೆಯಷ್ಟೇ ಬಾಕಿ. ಕಾಲು ಗಂಟೆಯಲ್ಲಿ ಅದೂ ಆಯಿತು. ಚುರುಕಿ ಬಟ್ಟೆಯ ಗಂಟಿನ ಮೇಲೆ ಕೈಯಿಟ್ಟುಕೊಂಡು ನಿಂತಳು. ಮೇಸ್ತ್ರಿಯಕ್ಕ ತಿರುಗಿ, ಗುಡಿಸಿ ಬಂದ ರಸ್ತೆಯನ್ನು ಮೇಲಿಂದ ಕೆಳಗೆ ನೋಡಿದಳು.

“ಥೂ, ಇದನ್ನ ಗುಡಿಸಿದ್ದು ಅಂತಾರೇನ್ರೇ? ಕಾಯಂ ಆಗೋವ್ರ ಕೆಲಸವಾ ಇದು?”

ಯಾವ ದೇವರಿಗೂ ಎಂದೂ ಬಗ್ಗದ ಅವಳು ನೋಯುವ ಮಂಡಿಯ ಮೇಲೆ ಕೈಯೂರಿ ಬಗ್ಗಿ, ಅಂಚಿನಲ್ಲಿ ಕೂಡಿಸಿಟ್ಟಿದ್ದ ಸಿಮೆಂಟ್ ಪುಡಿಯ ಗುಡ್ಡೆಗೇ ಪೊರಕೆ ಹಾಕಿ ರಸ್ತೆಯುದ್ದಕ್ಕೂ ಎಳೆದಳು. ಉಳಿದ ಮೂವರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ನಾಲ್ಕು ಪೊರಕೆಗಳು ಹೋದವು, ಬಂದವು, ಮತ್ತೆ ಹೋದವು. ಒಂಬತ್ತು ಗಂಟೆಗೆ ಗೋದಾಮು ಕಾಣದಾಯಿತು. ಹತ್ತಕ್ಕೆ ನಿರೀಕ್ಷಕನ ಮೀಸೆ, ಹುಬ್ಬು, ಕನ್ನಡಕ ಎಲ್ಲ ಒಂದೇ ಬಣ್ಣ. ಎರಡು ಗಂಟೆಯಲ್ಲಿ ಇಪ್ಪತ್ತು ವರ್ಷ ಹೆಚ್ಚು ಮುದುಕನಾಗಿದ್ದ.

“ಮುಗೀತೇನ್ರಮ್ಮ?” ಕೆಮ್ಮಿನ ನಡುವೆ ಕೇಳಿದ.

“ಆಗ್ತಾ ಬಂತು ಸರ್,” ಧೂಳಿನೊಳಗಿಂದ ಮೇಸ್ತ್ರಿಯಕ್ಕನ ದನಿ ಬಂತು. “ಸರ್ಕಾರಿ ಕೆಲಸ ನೋಡಿ, ಸ್ವಲ್ಪ ನಿಧಾನ.”

ಅವನು ಅಂಗಿಯ ಜೇಬು ತಡಕಿದ, ಪ್ಯಾಂಟಿನ ಜೇಬು ತಡಕಿದ. ಕರವಸ್ತ್ರ ಇರಲಿಲ್ಲ. ಇನ್ನೊಂದು ಸುತ್ತು ಧೂಳು ಎದ್ದಾಗ ಬೇರೆ ದಾರಿ ಕಾಣದೆ ಆದೇಶವನ್ನೂ ನಮೂನೆಯನ್ನೂ ಸೇರಿಸಿ ಮಡಚಿ ಮೂಗು ಬಾಯಿಗೆ ಒತ್ತಿ ಹಿಡಿದುಕೊಂಡ. ಈಗ ಕಾಣುತ್ತಿದ್ದದ್ದು ನೀರು ಸುರಿಯುವ ಎರಡು ಕಣ್ಣು ಮಾತ್ರ.

ಚುರುಕಿ ಪೊರಕೆ ಗೋಡೆಗೊರಗಿಸಿದಳು. ಚೀಲದಿಂದ ಇನ್ನೊಂದು ಬೂದು ಬಟ್ಟೆ, ಒಗೆದು ಮಡಚಿಟ್ಟಿದ್ದು, ತೆಗೆದು ಎರಡು ಸಲ ಒದರಿ ಅವನ ಮುಂದೆ ಹಿಡಿದಳು.

“ಕಟ್ಕೊಳ್ಳಿ ಸರ್. ಯಾಕೆ ಅಂತ ನಾನು ಕೇಳಲ್ಲ.”