ಕೆಂಪು ಸುತ್ತು

ಮೂರನೆಯ ಸೆಲ್ಫಿಗೆ ಹಲ್ಲು ಕಿರಿಯುತ್ತಿದ್ದಾಗ ಹಿಂದಿನಿಂದ ಬಂದ ಅಲೆ ವಿಷ್ಣುಪ್ರಸಾದ್ ಮೇಷ್ಟ್ರ ಕನ್ನಡಕವನ್ನು ಕಿತ್ತುಕೊಂಡು ಹೋಯಿತು. ಕಡಲ ದಡದ ಕಾವಲಿನವನು ಹತ್ತು ನಿಮಿಷದಿಂದ ಸೀಟಿ ಊದುತ್ತಲೇ ಇದ್ದ. ಅದು ಬೇರೆ ಯಾರಿಗೋ ಎಂದು ಮೇಷ್ಟ್ರು ತಿಳಿದಿದ್ದರು. ಸೀಟಿ ಊದುವುದು ಅವರ ಕೆಲಸವೇ ಹೊರತು ಊದಿಸಿಕೊಳ್ಳುವುದಲ್ಲ.

ಮಡಿಕೇರಿಯಲ್ಲಿ ಅವರ ಹೆಸರು ಕೇಳದವರಿಲ್ಲ. ಕಸ ಎಸೆಯುವ ಪ್ರವಾಸಿಗರ ಫೋಟೋ ತೆಗೆದು, ಕಾರಿನ ನಂಬರ್ ಪ್ಲೇಟಿಗೆ ಕೆಂಪು ಸುತ್ತು ಹಾಕಿ, ಐನೂರು ಜನರಿರುವ ವಾಟ್ಸಾಪ್ ಗುಂಪಿಗೆ ಬಿಡುವುದು ಅವರ ನಿತ್ಯದ ವ್ರತ. ಅದಕ್ಕಾಗಿಯೇ ಸೋಮವಾರ ಅವರಿಗೆ ಊರಿನವರ ಸನ್ಮಾನ. ಶಾಲು, ಪೇಟ, ಹಾರ ಎಲ್ಲ ಗೊತ್ತುಮಾಡಿಯಾಗಿತ್ತು, ಭಾಷಣವೂ ಬಾಯಿಪಾಠವಾಗಿತ್ತು. ಅಷ್ಟರಲ್ಲಿ ಮೇ ತಿಂಗಳ ಮೂರು ದಿನದ ರಜೆ ಬಂದು ಮಡಿಕೇರಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. “ಈ ಟೂರಿಸ್ಟುಗಳ ಮುಖ ನೋಡೋಕಾಗಲ್ಲ, ಎಲ್ಲಾದ್ರೂ ಹೋಗುವ” ಎಂದು ಶನಿವಾರ ಬೆಳಿಗ್ಗೆ ಇಬ್ಬರು ಹಳೆಯ ಸಹಪಾಠಿಗಳನ್ನು ತಮ್ಮ ಹೊಸ ಕಾರಿಗೆ ಹತ್ತಿಸಿಕೊಂಡು ಘಟ್ಟ ಇಳಿದಿದ್ದರು. ಒಬ್ಬ ಕಾಫಿ ಬೆಳೆಗಾರ ನಾಣಯ್ಯ, ಇನ್ನೊಬ್ಬ ಶನಿವಾರಸಂತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅನಿಲ್‌ಕುಮಾರ್.

ಕಾರನ್ನು ಮರಳಿನ ಮೇಲೆಯೇ ಓಡಿಸಿ, ಎಳೆದಿಟ್ಟ ಎರಡು ದೋಣಿಗಳ ನಡುವೆ ನಿಲ್ಲಿಸಿದ್ದರು. ಪುಳಿಯೋಗರೆ ತಿಂದ ಪ್ಲಾಸ್ಟಿಕ್ ತಟ್ಟೆ, ಚಿಪ್ಸಿನ ಕವರು, ಸೋಡಾ ಬಾಟಲಿ ಎಲ್ಲ ಚಕ್ರದ ಸುತ್ತ ಬಿದ್ದಿದ್ದವು. ಕನ್ನಡಕ ಸಿಗದೆ ಮೂವರೂ ಕಾರಿನ ಬಳಿಗೆ ವಾಪಸು ಬಂದಾಗ ಅನಿಲ್‌ಕುಮಾರ್ ಬಗ್ಗಿ ಅದನ್ನು ಎತ್ತಲು ಹೊರಟ.

“ಬಿಡು ಮಾರಾಯ. ಹೊಸ ಸೀಟು, ಎಣ್ಣೆ ಹತ್ತುತ್ತೆ,” ಎಂದರು ಮೇಷ್ಟ್ರು.

“ಅಲ್ಲ ಕಣೋ, ಹೋದ್ವಾರ ಅಬ್ಬಿ ಫಾಲ್ಸಲ್ಲಿ ಆ ಹುಡುಗ್ರ ಕೈಲಿ ಇದನ್ನೇ ಎತ್ತಿಸ್ದಲ್ಲ? ಬಸ್ಕಿ ಬೇರೆ ಹೊಡೆಸ್ದೆ.”

“ಅದು ನಮ್ಮೂರು. ಇದು ಸಮುದ್ರ. ಇಷ್ಟು ದೊಡ್ಡ ಸಮುದ್ರಕ್ಕೆ ನಮ್ಮ ನಾಲ್ಕು ತಟ್ಟೆ ಭಾರವಾ?”

ಪಕ್ಕದಲ್ಲಿ ಚರುಮುರಿ ಮಾರುತ್ತಿದ್ದ ವನಜಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು. “ಅದನ್ನು ಹೆಕ್ಕಿಕೊಂಡು ಹೋಗಿ ಮಾರಾಯ್ರೆ. ನಾಳೆ ನಮ್ಮವರ ಬಲೆಗೆ ಮೀನು ಬರುವುದಿಲ್ಲ, ಅದೇ ಬರುವುದು.”

“ಮೊದ್ಲು ನಿಮ್ಮೂರಲ್ಲಿ ಕಸದ ಡಬ್ಬ ಇಡಿ, ಆಮೇಲೆ ನಮಗೆ ಪಾಠ ಹೇಳಿ,” ಎಂದರು ಮೇಷ್ಟ್ರು. ಮಡಿಕೇರಿಯಲ್ಲಿ ಪ್ರವಾಸಿಗರು ತಮಗೆ ಹೇಳುವ ಉತ್ತರವನ್ನು ಅವರು ಒಂದಕ್ಷರ ಬಿಡದೆ ಒಪ್ಪಿಸಿದ್ದರು.

ವನಜಮ್ಮ ಮೊಬೈಲ್ ಎತ್ತಿದಳು. ಕನ್ನಡಕವಿಲ್ಲದ ಮೇಷ್ಟ್ರಿಗೆ ಆಕೆಯ ಮುಖ ಕಾಣಲಿಲ್ಲ, ಮೊಬೈಲ್ ಕಂಡಿತು. ತಮ್ಮ ಮಾತಿಗೆ ಹೆಂಗಸು ಮೆಚ್ಚಿದಳೆಂದೇ ಅವರಿಗೆ ಅನ್ನಿಸಿರಬೇಕು. ಅಂಗಿ ಎಳೆದುಕೊಂಡು, ಕಾರಿನ ಹಿಂದಿನ ಗಾಜಿಗೆ ತಾವೇ ಅಂಟಿಸಿದ್ದ ‘ಕೊಡಗು ನಿಮ್ಮ ಕಸದ ಬುಟ್ಟಿಯಲ್ಲ’ ಎಂಬ ಸ್ಟಿಕ್ಕರಿನ ಪಕ್ಕದಲ್ಲಿ ಕೈಯಿಟ್ಟು ನಿಂತರು. “ಕಾರು ಪೂರ್ತಿ ಬರ್ಲಿ ಅಮ್ಮ,” ಎಂದೂ ಹೇಳಿದರು. ನಾಣಯ್ಯ ಮಾತ್ರ ಮೆಲ್ಲಗೆ ದೋಣಿಯ ಮರೆಗೆ ಸರಿದ.

ವಾಪಸು ಬರುವಾಗ ಕಾರು ಓಡಿಸಿದ್ದು ಅನಿಲ್‌ಕುಮಾರ್. ಸುಳ್ಯದ ಹತ್ತಿರ ಮೇಷ್ಟ್ರ ಮೊಬೈಲ್ ಸದ್ದು ಮಾಡಿತು. ಕರಾವಳಿಯಲ್ಲೂ ಕಸ ಎಸೆಯುವವರ ಫೋಟೋ ಹಾಕುವ ಇಂಥದೇ ಒಂದು ವಾಟ್ಸಾಪ್ ಗುಂಪಿದೆ, ಮೇಷ್ಟ್ರು ಅದರಲ್ಲೂ ಸದಸ್ಯರು; ಅಲ್ಲಿಂದ ಒಂದು ಫೋಟೋ ಬಂದಿತ್ತು. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮಸುಕು ಮಸುಕಾಗಿ ಒಂದು ಕಾರು, ಪಕ್ಕದಲ್ಲಿ ನಿಂತ ಯಾರೋ, ನೆಲದಲ್ಲಿ ಬೆಳ್ಳಗೆ ಚೆಲ್ಲಿದ್ದೇನೋ, ನಡುವೆ ಕೆಂಪು ಸುತ್ತು. ಅವರಿಗೆ ಅಷ್ಟು ಸಾಕಾಗಿತ್ತು.

“ನೋಡಿ, ಕೆಂಪು ಸುತ್ತು ಹಾಕೋದನ್ನ ಅವರು ನನ್ನಿಂದ್ಲೇ ಕಲ್ತದ್ದು!” ಎನ್ನುತ್ತ ಫೋಟೋವನ್ನು ಮಡಿಕೇರಿಯ ಗುಂಪಿಗೆ ದಾಟಿಸಿದರು. ಟೈಪ್ ಮಾಡಲು ಅಕ್ಷರ ಕಾಣಲಿಲ್ಲ. ತಮ್ಮ ಧ್ವನಿಯಲ್ಲೇ ಹೇಳಿ ಕಳಿಸಿದರು: “ಇವರಿಗೆಲ್ಲ ಮನೇಲಿ ಬುದ್ಧಿ ಹೇಳೋರು ಇಲ್ವಾ? ಇಂಥವರನ್ನ ನಮ್ಮೂರಿಗೆ ಕಾಲಿಡೋಕೆ ಬಿಡಬಾರ್ದು. ಎಲ್ಲರೂ ಹಂಚಿ!”

ಸಂಪಾಜೆ ದಾಟಿದ ಮೇಲೆ ಸಿಗ್ನಲ್ ಹೋಯಿತು. ಘಟ್ಟ ಹತ್ತುವಷ್ಟು ಹೊತ್ತೂ ಮೇಷ್ಟ್ರು ಸೋಮವಾರದ ಭಾಷಣ ಒಪ್ಪಿಸಿದರು. ಮಡಿಕೇರಿ ಹತ್ತಿರವಾದಂತೆ ಮೊಬೈಲ್ ಬಿಡದೆ ಬಡಿದುಕೊಳ್ಳತೊಡಗಿತು.

“ಎಷ್ಟು ಜನ ನೋಡು! ಓದು ನಾಣಯ್ಯ, ನಂಗೆ ಕಾಣಲ್ಲ.”

ಹಿಂದಿನ ಸೀಟಿನಲ್ಲಿದ್ದ ನಾಣಯ್ಯ ಮೊಬೈಲ್ ಈಸಿಕೊಂಡು ಫೋಟೋ ತೆರೆದ. “ನಮ್ಮ ಗುಂಪಿನ ಶೋಭಿತಾ ಟೀಚರ್ ನಗುವ ಗೊಂಬೆ ಹಾಕಿದ್ದಾರೆ. ಹನ್ನೆರಡು ಉಂಟು.”

“ಇದು ನಗೋ ವಿಷಯನಾ? ಆಕೆಗೆ ಜವಾಬ್ದಾರಿಯೇ ಇಲ್ಲ. ಮುಂದೆ?”

“ಸನ್ಮಾನ ಸಮಿತಿಯ ನಾಗೇಶ್ವರ ಭಟ್ರು. ಸೋಮವಾರದ ಕಾರ್ಯಕ್ರಮ ನಿಲ್ಲಿಸಿದೆ ಅಂತ ಬರ್ದಿದ್ದಾರೆ.”

“ನಿಲ್ಲಿಸಿದೆಯಾ?” ಮೇಷ್ಟ್ರು ಹಿಂದಕ್ಕೆ ತಿರುಗಿದರು. ಪೇಟದ ಅಳತೆ ಕೊಟ್ಟು ಬಂದದ್ದು ಮೊನ್ನೆ ತಾನೇ. “ಯಾಕಂತೆ?”

“ಯಾಕೆ ಅಂತ ಇಲ್ಲ. ಈ ಫೋಟೋದ ಕೆಳಗೇ ಬರ್ದಿದ್ದಾರೆ.”

“ಯಾವನ ದರಿದ್ರ ಗಾಡಿ ಅದು? ನಂಬರ್ ಓದು!”

“ಕೆಎ ಹನ್ನೆರಡು...”

“ಥೂ, ನಮ್ಮ ಜಿಲ್ಲೆಯವನೇ! ಮಾನ ತೆಗ್ದುಬಿಟ್ಟ. ಪೂರ್ತಿ ಓದು!”

ಅನಿಲ್‌ಕುಮಾರ್ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ನಾಣಯ್ಯ ಮೊಬೈಲನ್ನು ಮೇಷ್ಟ್ರ ಕೈಗೆ ವಾಪಸು ಕೊಟ್ಟ.

“ನಂಬರ್ ಯಾಕೆ ಮೇಷ್ಟ್ರೇ? ಹಿಂದಿನ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಮಾತು ಬರ್ದಿದೆ. ಅದನ್ನು ಓದೋಕೆ ನಿನಗೆ ಕನ್ನಡಕ ಬೇಡ.”