ವಾಲದ ಕಾರು

ತಂಗಿ ಹಿಡಿಕೆಗೆ ಕೈ ಹಾಕಿದ್ದೇ ತಡ, ಕಾರಿನ ಹಿಂದಿನ ಎಡ ಬಾಗಿಲು ತೆರೆದುಕೊಂಡಿತು. ಜೋರಾಗಿ ಎಳೆಯಬೇಕೆಂದು ಕಾಲೂರಿ ನಿಂತಿದ್ದವಳು ಆಯತಪ್ಪಿ ಎರಡು ಹೆಜ್ಜೆ ಹಿಂದಕ್ಕೆ ಹೋದಳು.

"ಈ ಬಾಗಿಲು ಈಗ ತೆಗೆಯುತ್ತಾ?"

ಅಣ್ಣ ಈ ಮಾತಿಗೇ ಕಾದಿದ್ದ. "ಒಂದು ಬೆರಳು ಸಾಕು. ಕೀಲಿನ ಪಿನ್ನು ನಾನೇ ಲೇತ್ ಮೆಷಿನ್ನಲ್ಲಿ ಮಾಡ್ದೆ. ಮೂರು ಸಲ ಹಾಳಾಯ್ತು, ನಾಲ್ಕನೇದು ಕೂತ್ಕೊಳ್ತು," ಎಂದು ಬಾಗಿಲನ್ನು ಹಾಕಿ, ತೆಗೆದು, ಮತ್ತೆ ಹಾಕಿ ತೋರಿಸಿದ.

ಫ್ಯಾಕ್ಟರಿಯಲ್ಲಿ ಲೇತ್ ನಡೆಸುವ ಅಣ್ಣ ಹನ್ನೊಂದು ವರ್ಷ, ಸಿಕ್ಕ ರಜೆಯನ್ನೆಲ್ಲ ಶೆಡ್ಡಿಗೆ ಸುರಿದು, ಅಪ್ಪನ ಹಳೆಯ ಕಾರನ್ನು ಅದು ಕಂಪನಿಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಮಾಡಿದ್ದ. ಪೂರ್ತಿಯಾಗುವ ತನಕ ಯಾರೂ ನೋಡಕೂಡದೆಂದು ಅವನ ಹಟ. ಬೇರೆ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ತಂಗಿ ಬಂದಾಗಲೆಲ್ಲ ಶೆಡ್ಡಿಗೆ ಬೀಗ ಬೀಳುತ್ತಿತ್ತು. ಕೊನೆಗೂ ಕಾರು ಪೂರ್ತಿಯಾಯಿತು. ಅಷ್ಟರಲ್ಲಿ ಅವನ ಎಡ ಮಂಡಿ ಕೈಕೊಟ್ಟಿತು. ಕ್ಲಚ್ಚು ಹೊಸದು, ಅದನ್ನು ಒತ್ತುವ ಕಾಲು ಹಳೆಯದು. ಇನ್ನು ಈ ಕಾಲಲ್ಲಿ ಕಾರು ಓಡಿಸಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಇವತ್ತು ಹನ್ನೊಂದು ಗಂಟೆಗೆ ಕಾರು ಕೊಳ್ಳುವವರು ಬರುವವರಿದ್ದರು. ಒಂದು ವಾರದಿಂದ ಅಣ್ಣ ಬೆಳಿಗ್ಗೆ ಮಾರೋಣ ಅನ್ನುತ್ತಿದ್ದ, ಸಂಜೆ ಬೇಡ ಅನ್ನುತ್ತಿದ್ದ. ಕೇಳಿ ಕೇಳಿ ತಲೆ ಚಿಟ್ಟು ಹಿಡಿದ ಹೆಂಡತಿ ಅವನು ಬಾಯಿ ತೆರೆದರೆ ಸಾಕು, ರೇಡಿಯೊ ಜೋರು ಮಾಡುತ್ತಿದ್ದಳು. ಕಾರು ನಿಮ್ಮಿಬ್ಬರಿಗೂ ಸೇರಿದ್ದು ಎಂದು ಅಪ್ಪ ಸಾಯುವ ಮುಂಚೆ ಹೇಳಿದ್ದರು. ಅದಕ್ಕೇ ತಂಗಿಯನ್ನು ಕರೆಸಿದ್ದಾಗಿ ಅವನು ಎಲ್ಲರಿಗೂ ಹೇಳಿದ. ಅದು ನೆಪ. ಅವಳು ಕಣ್ಣಲ್ಲಿ ನೀರು ತಂದುಕೊಂಡು ಒಂದು ಸಲ "ಬೇಡ ಅಣ್ಣ" ಅಂದುಬಿಟ್ಟರೆ ಸಾಕಾಗಿತ್ತು ಅವನಿಗೆ. ಮಾರದೆ ಇರಲು ಒಂದು ಕಾರಣ ಸಿಗುತ್ತಿತ್ತು, ಅದೂ ಬೇರೆಯವರದ್ದು.

ತಂಗಿ ಒಳಗೆ ಹತ್ತಿ ಹಿಂದಿನ ಸೀಟಿನಲ್ಲಿ ಕೂತು ಮೂಸಿದಳು.

"ಚಪ್ಪಲಿ ಅಂಗಡಿ ವಾಸನೆ."

"ಒಳ್ಳೇ ಚರ್ಮ ಅದು. ಕಂಪನಿಯವರು ಹಾಕಿದ್ದ ಬಣ್ಣದ್ದೇ ಹುಡುಕಿ ಹಾಕಿಸ್ದೆ."

ಅವಳು ಕೂತಲ್ಲೇ ಅತ್ತಿತ್ತ ಸರಿದು ನೋಡಿದಳು. "ಇದು ವಾಲಲ್ವಾ?"

"ಸ್ಪ್ರಿಂಗ್ ಬದಲಾಯಿಸ್ದೆ. ಈಗ ನೀರು ತುಂಬಿದ ಲೋಟ ಇಟ್ರೂ ತುಳುಕಲ್ಲ."

ಅಪ್ಪ ಅಂಗಡಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದವರು, ದಡೂತಿ ಆಸಾಮಿ. ಅವರು ಕೂತು ಕೂತು ಕಾರು ಅವರ ಕಡೆಗೇ ವಾಲಿಬಿಟ್ಟಿತ್ತು. ಊರಿನ ತಕ್ಕಡಿಯನ್ನೆಲ್ಲ ನೆಟ್ಟಗೆ ಮಾಡುವವನ ಕಾರೇ ಸೊಟ್ಟ ಎಂದು ಬೀದಿಯವರು ನಗುತ್ತಿದ್ದರು. ಜಾಸ್ತಿ ನಗುತ್ತಿದ್ದವರು ಅಪ್ಪನೇ.

"ಎಲ್ಲಿ ಕೂತ್ರೂ ಜಾರಿ ಜಾರಿ ಅಪ್ಪನ ಬೆನ್ನ ಹಿಂದೆ ಬಂದುಬಿಡ್ತಿದ್ದೆ," ಎಂದಳು ತಂಗಿ. "ಕಾಲರ್ ಮೇಲ್ಗಡೆ ಅವರ ಕತ್ತಿನ ಮಚ್ಚೆ ಕಾಣೋದು."

ಅಣ್ಣ ಮುಂದೆ ಕೂತು ಬೀಗದಕೈ ತಿರುಗಿಸಿದ. ಒಂದೇ ಸಲಕ್ಕೆ ಇಂಜಿನ್ ಶುರುವಾಯಿತು. "ನೋಡು. ಅಪ್ಪನ ಹಾಗೆ ಅರ್ಧ ಗಂಟೆ 'ಏಳು ತಾಯಿ, ಏಳೇ ನನ್ನವ್ವ' ಅಂತ ಬೇಡ್ಕೊಳ್ಳೋದು ಬೇಡ."

"ಹೌದು, ಬೇಡ," ಎಂದಳು. ಮುಂದಕ್ಕೆ ಬಾಗಿ, ಸ್ಟೀರಿಂಗಿನ ಪಕ್ಕದ ಪುಟ್ಟ ಡಬ್ಬಿಯನ್ನು ಮುಟ್ಟಿದಳು. "ಇದರ ಮುಚ್ಚಳಕ್ಕೆ ಅಪ್ಪ ಬೂಟಿನ ದಾರ ಕಟ್ಟಿದ್ರಲ್ಲ?"

"ಈಗ ಬೀಗ ಇದೆ."

"ಗೇಟಿಗೆ ಬಳಿದು ಮಿಕ್ಕಿದ್ದನ್ನ ಕಾರಿಗೂ ಬಳಿದಿದ್ರಲ್ಲ, ಆ ಹಸಿರು ಬಣ್ಣ?"

"ಅದನ್ನ ಕೆರೆದು ತೆಗೆಯೋಕೇ ಎರಡು ತಿಂಗಳು ಹಿಡೀತು." ಹೆಮ್ಮೆಯಿಂದ ಶುರುಮಾಡಿದ ಮಾತು, ಮುಗಿಯುವ ಹೊತ್ತಿಗೆ ತಪ್ಪೊಪ್ಪಿಕೊಂಡ ಹಾಗೆ ಅವನಿಗೇ ಕೇಳಿಸಿತು. ಇಂಜಿನ್ ಆರಿಸಿದ.

"ಹಳೇ ಸೀಟು, ಸ್ಪ್ರಿಂಗು, ಅವೆಲ್ಲ ಎಲ್ಲಿಟ್ಟಿದ್ದೀಯ?"

"ಗುಜರಿಗೆ ಹಾಕ್ದೆ. ಯಾತಕ್ಕೂ ಬರ್ತಿರ್ಲಿಲ್ಲ."

ಅವಳು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದವಳಂತೆ ಛಾವಣಿಯ ಹೊಸ ಬಟ್ಟೆಯನ್ನೇ ನೋಡುತ್ತಿದ್ದಳು. "ಚೆನ್ನಾಗಿದೆ ಅಣ್ಣ. ನಿಜವಾಗ್ಲೂ ತುಂಬಾ ಚೆನ್ನಾಗಿದೆ." ಬಾಯಿಮಾತಿಗೆ ಹೇಳಿದ್ದಲ್ಲ ಅದು. ಅದೇ ಅವನನ್ನು ಇನ್ನಷ್ಟು ಕಂಗೆಡಿಸಿತು.

ಹನ್ನೊಂದು ವರ್ಷ ತಾನು ಪ್ರೀತಿಸಿದ್ದು ಯಾವುದನ್ನು? ಅಪ್ಪನ ಕಾರನ್ನು ಉಳಿಸುತ್ತಿದ್ದೇನೆ ಎಂದುಕೊಂಡೇ ಅದನ್ನು ಚೂರು ಚೂರಾಗಿ ಗುಜರಿಗೆ ಸಾಗಿಸಿದ್ದನೇ? ಹಾಗಿದ್ದರೆ ಇದನ್ನು ಮಾರಲು ಇಷ್ಟೊಂದು ಹಿಂದೆಮುಂದೆ ನೋಡುವುದೇಕೆ? ಕೊಟ್ಟು ಕೈತೊಳೆದುಕೊಳ್ಳಬಹುದಲ್ಲ. ಆದರೆ ಇನ್ಯಾರೋ ಈ ಸ್ಟೀರಿಂಗ್ ಹಿಡಿಯುತ್ತಾರೆ ಎಂದುಕೊಂಡರೆ ಸಹಿಸಲಾಗುತ್ತಿರಲಿಲ್ಲ, ಅದೂ ಸುಳ್ಳಲ್ಲ. ಇದ್ದುಬಿಡಲಿ ಅನ್ನಿಸಿತು. ಮರುಕ್ಷಣವೇ, ಇದ್ದು ಏನಾಗಬೇಕು ಅನ್ನಿಸಿತು. ಅವನಿಗೆ ಒಂದೂ ಬಗೆಹರಿಯಲಿಲ್ಲ.

ಗೇಟಿನ ಹೊರಗೆ ವಾಹನವೊಂದು ಬಂದು ನಿಂತಿತು. ಯಾರೋ ಇಳಿದು ಮನೆಯ ನಂಬರು ನೋಡುತ್ತಿದ್ದರು.

"ಬಂದೇಬಿಟ್ರು," ಎಂದ ಅಣ್ಣ. ಅವನ ಬೆರಳು ಬೀಗದಕೈ ಗೊಂಚಲನ್ನು ತಿರುವುತ್ತಲೇ ಇತ್ತು. "ನಂಗೇನೂ ತಿಳೀತಿಲ್ಲ ಕಣೇ. ನೀನೇ ಹೇಳು, ಕೊಡ್ಲೋ ಬೇಡ್ವೋ? ಇದರಲ್ಲಿ ಅರ್ಧ ನಿಂದು."

ತಂಗಿ ಕೆಳಗಿಳಿದು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. ಅವನ ತೋಳಿನ ಮೇಲೆ ಒಂದು ಗಳಿಗೆ ಕೈಯಿಟ್ಟಳು.

"ಅಪ್ಪನ ಕಾರಾಗಿದ್ದಿದ್ರೆ ನನ್ನ ಅರ್ಧಕ್ಕೆ ಜಗಳ ಆಡ್ತಿದ್ದೆ ಅಣ್ಣ," ಎಂದಳು. "ಇದು ಪೂರ್ತಿ ನಿಂದೇ."