ಅಪ್ಪನ ಪಕ್ಕದ ಜಾಗ

ಇಂದು ಬಸ್ಸಿನಲ್ಲಿ ಪಕ್ಕ ಕುಳಿತವರ ಅಂಗಿಯಿಂದ ಲೇತ್ ಮೆಷಿನ್ನಿನ ಎಣ್ಣೆಯ ವಾಸನೆ ಬಂತು. ದಿನಚರಿಯಲ್ಲಿ ತಾರೀಖು ಹಾಕಿ, ಅದನ್ನು ಬರೆಯುವಾಗ ಹಳೆಯ ಒಂದು ಭಾನುವಾರ ನೆನಪಾಯಿತು.

ನಾನಾಗ ನಾಲ್ಕನೇ ಕ್ಲಾಸು. ರಾಜಗೋಪಾಲನಗರದ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ಕ್ರೈಸ್ತ ಸಭೆಯ ಆರಾಧನೆ ನಡೆಯುತ್ತಿತ್ತು. ಅಂದು ಅಪ್ಪ ಓವರ್‌ಟೈಮ್ ಮುಗಿಸಿ, ಬಟ್ಟೆ ಬದಲಿಸಲು ಹೊತ್ತಿಲ್ಲದೆ ಪೀಣ್ಯದ ಕಾರ್ಖಾನೆಯಿಂದ ನೇರವಾಗಿ ಬಂದು, ಚಾಪೆಯ ಮೇಲೆ ನನಗೂ ಅಮ್ಮನಿಗೂ ನಡುವೆ ಕುಳಿತರು. ಉಗುರುಸಂದಿಯಲ್ಲಿ ಕಪ್ಪು, ಅಂಗಿಯ ತುಂಬ ಎಣ್ಣೆಯ ವಾಸನೆ. ಹಿಂದೆ ಕುಳಿತಿದ್ದ ನನ್ನ ಗೆಳತಿ ಶೀಬಾ, "ನಿಮ್ಮಪ್ಪ ಮೆಷಿನ್ನೇ ಎತ್ಕೊಂಡ್ ಬಂದವ್ರೇನೇ?" ಎಂದು ಕಿಸಕ್ಕನೆ ನಕ್ಕಳು. ನಾನು ಮೆಲ್ಲಗೆ ಎದ್ದು ಅವಳ ಪಕ್ಕ ಹೋಗಿ ಕುಳಿತೆ.

ಅಮ್ಮ ಕಣ್ಣಲ್ಲೇ ಗದರಿದಳು. ಅಪ್ಪ, "ಇರ್ಲಿ ಬಿಡೇ, ಯೇಸಪ್ಪ ಕೂತ್ಕೊಳ್ಳೋಕೆ ಜಾಗ ಆಯ್ತು," ಎಂದರು.

ಕೊನೆಯ ಪ್ರಾರ್ಥನೆಗೆ ಅಕ್ಕಪಕ್ಕದವರ ಕೈ ಹಿಡಿದುಕೊಳ್ಳುವುದು ನಮ್ಮಲ್ಲಿ ರೂಢಿ. ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಅಪ್ಪನ ಒಂದು ಕೈ ಅಮ್ಮನ ಕೈಯಲ್ಲಿತ್ತು. ಇನ್ನೊಂದನ್ನು ಅವರು ಪ್ಯಾಂಟಿಗೆ ಒರೆಸಿ, ಮತ್ತೊಮ್ಮೆ ಒರೆಸಿ, ನಾನು ಎದ್ದುಹೋದ ಜಾಗದ ಮೇಲೆ ಅಂಗೈ ಬಿಚ್ಚಿ ಇಟ್ಟರು.